ಅಕ್ಕೋರ ಹೆಬ್ಬೆರಳು

ಇವತ್ತು ಬೆಳಿಗ್ಗೆ ಹಾನಗಲ್ಲಿನ ನಮ್ಮ ಶಾಲೆಯ ಮೈದಾನದಲ್ಲಿ ಪೌಡರ್ ಡಬ್ಬಿಯ ಮುಚ್ಚಳ ತೆಗೆದೆ. ಮುಖಕ್ಕೆ ಹಚ್ಚಿಕೊಳ್ಳಲಿಕ್ಕಲ್ಲ. ಓಟ ಬಿಡುವಾಗ ಟಪ್ಪೆಂದು ಬಡಿಯುವ ಜೋಡಿ ಹಲಗೆ ಇರುತ್ತದಲ್ಲ, ಕ್ಲ್ಯಾಪರ್, ಅದರ ಒಳಮೈಗೆ ಸವರಲಿಕ್ಕೆ. ಮಲ್ಲಿಗೆಯ ವಾಸನೆ ಘಮ್ಮೆಂದು ಎದ್ದದ್ದೇ ತಡ, ನನ್ನ ಬಲಗಾಲು ತಾನಾಗಿಯೇ ಹಿಂದೆ ಸರಿದು ಓಟಕ್ಕೆ ನಿಂತಿತು. ಈ ವಯಸ್ಸಿನಲ್ಲಿ, ಈ ಮೊಣಕಾಲು ಇಟ್ಟುಕೊಂಡು! ನಗು ಬಂತು. ಆಮೇಲೆ ನಗು ಹೋಗಿ ಬೇರೇನೋ ಬಂತು...

ಆ ವಾಸನೆ ಸವಣೂರಿನಲ್ಲಿ ನನಗೆ ಓಟ ಕಲಿಸಿದ ಪಿ.ಟಿ. ಟೀಚರ್, ನಮ್ಮ ಅಕ್ಕೋರದು. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಸ್ಟಾಪ್‌ವಾಚು, ವ್ಯಾನಿಟಿ ಬ್ಯಾಗಿನಲ್ಲಿ ಪೌಡರ್ ಡಬ್ಬಿ. ಆ ಪೌಡರನ್ನು ಅವರ ಮುಖ ಎಂದೂ ಕಂಡಿರಲಿಲ್ಲ. ಎಲ್ಲ ಕ್ಲ್ಯಾಪರಿಗೇ. ಬಡಿದ ಕೂಡಲೇ ಹಲಗೆಯಿಂದ ಬೆಳ್ಳನೆ ಧೂಳು ಹಾರಬೇಕು, ನೂರು ಮೀಟರ್ ಆಚೆ ಮುಗಿಯುವ ಗೆರೆಯ ಹತ್ತಿರ ನಿಂತ ಅಕ್ಕೋರು ಅದನ್ನು ನೋಡಿ ವಾಚು ಒತ್ತಬೇಕು.

“ಸಪ್ಪಳ ನನ್ನ ಕಡೆ ಬರೂದ್ರಾಗ ನೀ ಎದ್ದು ಓಡಾಕತ್ತಿರ್ತಿ,” ಅನ್ನುತ್ತಿದ್ದರು. “ನಾ ಕಿವಿ ನಂಬಂಗಿಲ್ಲವಾ.”

ಕಿವಿ ಹಾಳಾಗಲಿ, ಅವರು ತಮ್ಮ ಹೆಬ್ಬೆರಳನ್ನೂ ನಂಬುತ್ತಿರಲಿಲ್ಲ. ಧೂಳು ಕಂಡು ಬೆರಳು ಒತ್ತುವಷ್ಟರಲ್ಲಿ ಒಂದಿಷ್ಟು ತಡವಾಗುತ್ತದೆ. ಆದರೆ ಮುಗಿಯುವ ಗೆರೆಗೆ ಹುಡುಗಿ ಬರುವುದು ದೂರದಿಂದಲೇ ಕಾಣುತ್ತದಲ್ಲ, ಅಲ್ಲಿ ಬೆರಳು ತಡಮಾಡುವುದಿಲ್ಲ. ಹೀಗಾಗಿ ಕೈಯಿಂದ ಒತ್ತುವ ಗಡಿಯಾರ ಯಾವಾಗಲೂ ಓಟಗಾರ್ತಿಯ ಪರ. ವಾಚು 13.1 ಸೆಕೆಂಡ್ ತೋರಿಸಿದರೆ ಅಕ್ಕೋರು ಅದಕ್ಕೆ ಹೆಚ್ಚುಕಡಿಮೆ ಕಾಲು ಸೆಕೆಂಡು ಕೂಡಿಸಿ, ತಮ್ಮ ನೋಟುಬುಕ್ಕಿನಲ್ಲಿ 13.34 ಎಂದು ಬರೆಯುತ್ತಿದ್ದರು. ಎಲೆಕ್ಟ್ರಾನಿಕ್ ಗಡಿಯಾರ ಇದ್ದರೆ ಇಷ್ಟೇ ತೋರಿಸುತ್ತದೆ ಅನ್ನುವುದು ಅವರ ಲೆಕ್ಕ. ಆ ಗಡಿಯಾರವನ್ನು ಆಗ ನಮ್ಮ ತಾಲೂಕಿನಲ್ಲಿ ಯಾರೂ ಕಂಡಿರಲಿಲ್ಲ.

ನೋಟುಬುಕ್ಕಿನಲ್ಲಿ ಏನಾದರೂ ಬರೆದುಕೊಳ್ಳಲಿ ಬಿಡಿ. ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ಕ್ರೀಡಾ ಹಾಸ್ಟೆಲ್‌ಗೆ ಅರ್ಜಿ ಕರೆದರು. ಅಲ್ಲಿ ಸೀಟು ಸಿಕ್ಕರೆ ಓಟ ಮತ್ತು ಓದು, ಸಿಗದಿದ್ದರೆ ಎರಡೂ ಬಂದ್ ಎಂದು ಮನೆಯಲ್ಲಿ ಮಾತಾಗಿತ್ತು. ಸವಣೂರು ಪೇಟೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ನಮ್ಮ ಅಬ್ಬಾ, ಬಂದ ಗಿರಾಕಿಗಳಿಗೆಲ್ಲ “ನಮ್ಮ ಹುಡುಗೀದು ಹದಿಮೂರು ಪಾಯಿಂಟ್ ಒಂದ್ರೀ” ಎಂದು ಹೇಳಿದ್ದೇ ಹೇಳಿದ್ದು. ಅರ್ಜಿಯಲ್ಲಿ ಟೈಮಿಗೆ ಇದ್ದದ್ದು ಒಂದೇ ಕಾಲಂ. ಬೇರೆ ಶಾಲೆಯವರೆಲ್ಲ ತಮ್ಮ ವಾಚು ತೋರಿಸಿದ್ದನ್ನು ಬರೆದು ಕಳಿಸಿದರು. ನಮ್ಮ ಅಕ್ಕೋರು 13.34 ಎಂದು ಬರೆದರು.

ಪಟ್ಟಿಯಲ್ಲಿ ಕೊನೆಗೆ ಆಯ್ಕೆಯಾದವಳ ಟೈಮು 13.3. ನನ್ನ ಹೆಸರು ಇರಲಿಲ್ಲ.

“ಕಾಲು ಸೆಕೆಂಡಿನ್ಯಾಗ ಏನ್ ಆಕ್ಕೈತಿ ಬೇಟಿ? ಕಣ್ಣು ಮುಚ್ಚಿ ತೆಗಿಯೂದ್ರಾಗ ಹೋಗಿಬಿಡ್ತೈತಿ,” ಎಂದು ಅಬ್ಬಾ ಅಂಗಡಿಯಲ್ಲಿ ತಲೆ ಹಿಡಿದು ಕೂತರು. ನಾನು ಮೊದಲೇ ಮೂಗಿನ ಮೇಲೆ ಸಿಟ್ಟಿನವಳು. ನೆಟ್ಟಗೆ ಸ್ಟಾಫ್ ರೂಮಿಗೆ ನುಗ್ಗಿ ಎಲ್ಲರೆದುರು ಕೂಗಾಡಿದೆ.

“ಎಲ್ಲಾರೂ ವಾಚಿನ್ಯಾಗ ಇದ್ದಂಗ ಕಳಿಸ್ಯಾರ. ನೀವೊಬ್ರ ಯಾಕ್ರಿ ಹಿಂಗ ಮಾಡಿದ್ರಿ? ನಿಮ್ಮ ಖರೇ ನೀವ ಇಟ್ಕೊರಿ!”

ಅಕ್ಕೋರ ಮುಖ ಬಿಳುಚಿಕೊಂಡಿತು. ವಾಚಿನ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಸಿಟ್ಟು ಇರ್ಲಿ,” ಅಂದರು. “ಓಡೂದ ಬಿಡಬ್ಯಾಡ.”

ಬಿಡಲಿಲ್ಲ. ಆದರೆ ಅವರ ಮುಂದೆ ಓಡಲೂ ಇಲ್ಲ. ಆ ವರ್ಷದ ಶಾಲಾ ಕೂಟಗಳಲ್ಲಿ ಗೆಲ್ಲುತ್ತ ಗೆಲ್ಲುತ್ತ ಧಾರವಾಡದವರೆಗೆ ಹೋದೆ. ಅಕ್ಕೋರ ಜೊತೆ ಹೋಗುವುದಿಲ್ಲ ಎಂದು ಹಟ ಹಿಡಿದು ಬೇರೆ ಶಾಲೆಯ ಸರ್ ಜೊತೆ ಬಸ್ಸು ಹತ್ತಿದೆ. ಅಲ್ಲಿ ಮೊದಲ ಸಲ ಎಲೆಕ್ಟ್ರಾನಿಕ್ ಗಡಿಯಾರ ನೋಡಿದೆ. ಪಿಸ್ತೂಲಿಗೇ ವೈರು, ಗೆರೆಯ ಮೇಲೆ ಕ್ಯಾಮೆರಾ, ಯಾರ ಹೆಬ್ಬೆರಳೂ ಬೇಕಿಲ್ಲ. ಹಾಸ್ಟೆಲ್‌ಗೆ ಆಯ್ಕೆಯಾಗಿದ್ದ ಇಬ್ಬರು ನನಗಿಂತ ಹಿಂದೆ ಬಂದರು. ಬೋರ್ಡಿನ ಮೇಲೆ ನನ್ನ ಟೈಮು ಬಂತು: 13.36.

ನಾನು ತಿರುಗಿ ಗೆರೆಯ ಹತ್ತಿರ ಅಕ್ಕೋರನ್ನು ಹುಡುಕಿದೆ. ಬರಬೇಡಿ ಎಂದವಳು ನಾನೇ ಎನ್ನುವುದು ಆಮೇಲೆ ನೆನಪಾಯಿತು. ಅಷ್ಟು ಜನರ ನಡುವೆ ನಿಂತು ಗಳಗಳ ಅತ್ತೆ. ಗೆದ್ದ ಖುಷಿಗೆ ಅಳುತ್ತಿದ್ದಾಳೆ ಅಂದುಕೊಂಡರು.

ಆ ಓಟದಲ್ಲಿ ಸಿಕ್ಕ ಪದಕ ನೋಡಿ ಅಬ್ಬಾ ಮೆತ್ತಗಾದರು, ಕಾಲೇಜಿಗೆ ಕಳಿಸಿದರು. ಅಕ್ಕೋರಿಗೆ ಹಿರೇಕೆರೂರಿಗೆ ವರ್ಗವಾಗಿತ್ತು. ಮುಂದೆ ನಾನೂ ಪಿ.ಟಿ. ಅಕ್ಕೋರಾಗಿ ಹಾನಗಲ್ಲಿಗೆ ಬಂದೆ. ಇಲ್ಲಿಂದ ಹಿರೇಕೆರೂರು ಏನು ಮಹಾ ದೂರ? ಈ ರವಿವಾರ ಹೋಗೋಣ, ಬರುವ ರವಿವಾರ ಹೋಗೋಣ... ಖರೇ ಹೇಳಬೇಕೆಂದರೆ ನಾಚಿಕೆ. ಯಾವ ಮುಖ ತೋರಿಸಲಿ?

ಹೋದ ವರ್ಷ ಶಿಗ್ಗಾಂವಿಯ ಕೂಟದಲ್ಲಿ ನಾನು ಕ್ಲ್ಯಾಪರಿಗೆ ಪೌಡರ್ ಸವರುವುದನ್ನು ಹಿರೇಕೆರೂರಿನ ಶಿಕ್ಷಕಿಯೊಬ್ಬರು ನೋಡಿದರು.

“ನೀವು ಸವಣೂರವರೇನ್ರಿ? ಹದಿಮೂರು ಮೂವತ್ತಾರು?”

ನಾನು ಹೂಂ ಅಂದೆ. ಅಕ್ಕೋರು ತೀರಿಕೊಂಡು ಎರಡು ವರ್ಷವಾಯಿತಂತೆ. ಧಾರವಾಡದ ಫಲಿತಾಂಶ ಬಂದ ಪೇಪರನ್ನು ಕತ್ತರಿಸಿ ನೋಟುಬುಕ್ಕಿನಲ್ಲಿ ಅಂಟಿಸಿಕೊಂಡಿದ್ದರಂತೆ.

“ಅದನ್ನ ತಗದು ತಗದು ನೋಡೋರ್ರಿ. ‘ನಾ ಮೂವತ್ನಾಲ್ಕು ಬರದಿದ್ದೆ, ಆಕೀದು ಮೂವತ್ತಾರು. ಎರಡು ತಪ್ಪೇನಿ’ ಅಂತಿದ್ರು. ಕಡೀತನಕಾ ಅದ ಮಾತು.”

ಸೆಕೆಂಡಿನ ನೂರು ಭಾಗದಲ್ಲಿ ಎರಡು! ಅಷ್ಟು ತಪ್ಪಿದ್ದಕ್ಕೆ ಅವರು ಸಾಯುವತನಕ ಮರುಗಿದರು. ನಾನು ಆಡಿದ ಮಾತಿಗೆ ಒಂದು ಸಲವೂ ತಪ್ಪಾಯಿತು ಅನ್ನಲಿಲ್ಲ.

ಇವತ್ತು ನಮ್ಮ ಶಾಲೆಯ ಹುಡುಗಿಯೊಬ್ಬಳ ಅರ್ಜಿ ತುಂಬಬೇಕಿತ್ತು. ಅವಳು ಓಡಿದಳು, ಧೂಳು ಹಾರಿತು, ನಾನು ಒತ್ತಿದೆ. ಈಗ ಅರ್ಜಿಯಲ್ಲಿ ಟೈಮಿಗೆ ಎರಡು ಕಾಲಂ ಇವೆ: ಕೈಯಿಂದ ಒತ್ತುವ ಗಡಿಯಾರದ್ದು ಒಂದು, ಎಲೆಕ್ಟ್ರಾನಿಕ್ ಇನ್ನೊಂದು. ಮೊದಲನೆಯದರಲ್ಲಿ ವಾಚು ತೋರಿಸಿದ್ದನ್ನು ಬರೆದೆ, ಎರಡನೆಯದನ್ನು ಖಾಲಿ ಬಿಟ್ಟೆ. ಆಗಲೂ ಈ ಎರಡನೇ ಕಾಲಂ ಇದ್ದಿದ್ದರೆ ಅಕ್ಕೋರಿಗೂ ನನಗೂ ಜಗಳವೇ ಇರುತ್ತಿರಲಿಲ್ಲ.

“ಅಕ್ಕೋರ, ಟೈಮ್ ಎಷ್ಟ ಬಂತ್ರಿ?” ಎಂದು ಹುಡುಗಿ ಏದುಸಿರು ಬಿಡುತ್ತ ಬಂದು ನಿಂತಳು. ನನ್ನ ಕೈಯಲ್ಲೆಲ್ಲ ಪೌಡರಿನ ವಾಸನೆ. ವಾಚನ್ನು ಅವಳ ಕಡೆ ತಿರುಗಿಸಿ ತೋರಿಸಿದೆ.