ದೋಣಿಯ ತಗಡು ಕಿತ್ತ ಬೇಸಿಗೆ

ಒಳ್ಳೆಯದನ್ನೇ ಮಾಡಲು ಹೋಗಿದ್ದೆ ಎಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರಲ್ಲಿ ನಾನೂ ಒಬ್ಬ.

ಅಪ್ಪ ಕೃಷ್ಣಾ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ. ಈಚೆ ದಂಡೆ ರಾಯಬಾಗ ತಾಲೂಕು, ಆಚೆಯದು ಅಥಣಿ. ಎಂಬತ್ತರ ದಶಕದ ಕೊನೆಯ ಮಾತು. ಸೇತುವೆ ಸುತ್ತಿ ಬಸ್ಸಿನಲ್ಲಿ ಹೋದರೆ ಅರ್ಧ ದಿನ ಹಾಳು. ಹಾಗಾಗಿ ಸಂತೆಗೆ ಹೋಗುವವರು, ಬೀಗರ ಮನೆಗೆ ಹೋಗುವವರು, ಎಮ್ಮೆ, ಆಡು, ಸೈಕಲ್ಲು ಎಲ್ಲ ಅಪ್ಪನ ದೋಣಿಯಲ್ಲೇ ದಾಟಬೇಕು. ಅವ್ವ ತೀರಿಕೊಂಡ ಮೇಲಂತೂ ಅವನಿಗೆ ದೋಣಿಯೇ ಸಂಸಾರ. ಉದ್ದನೆಯ ಬಿದಿರಿನ ಗಳ ಹಾಕುತ್ತ, ನೀರಿನ ಕಡೆಗೇ ಮುಖ ಮಾಡಿಕೊಂಡು, ‘ಎಮ್ಮಿ ಬಲಕ್ಕ ಸರಸ್ರಿ’ ಎನ್ನುತ್ತಿದ್ದ. ಇವನಿಗೆ ಬೆನ್ನಲ್ಲೂ ಕಣ್ಣುಗಳಿವೆ ಎಂದು ಜನ ಹೊಗಳುತ್ತಿದ್ದರು.

ದೋಣಿಯ ಒಳತಳಕ್ಕೆ ಹೊಡೆದಿದ್ದ ತಗಡು ನಾನು ಹುಟ್ಟುವುದಕ್ಕಿಂತ ಹಿಂದಿನದು. ದನಗಳ ಗೊರಸಿಗೆ ತಗ್ಗು ಬಿದ್ದು, ಅಂಚು ಎದ್ದು, ಕಾಲಿಟ್ಟಲ್ಲೆಲ್ಲ ಢಣಢಣ ಎನ್ನುತ್ತಿತ್ತು. ಒಬ್ಬ ಮುದುಕಿಯ ಹಿಮ್ಮಡಿಯನ್ನು ಸೀಳಿಯೂ ಹಾಕಿತ್ತು. ನಾನಾಗ ನಿಪ್ಪಾಣಿಯಲ್ಲಿ ಬಡಿಗತನ ಮಾಡುತ್ತಿದ್ದೆ. ಸಾವುಕಾರರ ಬಾಗಿಲು ಮಾಡಿಕೊಡುವವನ ಮನೆಯ ದೋಣಿ ಹೀಗಿರುವುದು ನನಗೆ ನಾಚಿಕೆ. ತಗಡು ಕಿತ್ತು ಹಲಗೆಗೆ ಎಣ್ಣೆ ಕುಡಿಸುತ್ತೇನೆ ಎಂದೆ. ಅಪ್ಪ ಬೇಡ ಎಂದ. ಯಾಕೆ ಎಂದು ಕೇಳಿದರೆ ಹೇಳಲೊಲ್ಲ. ಎರಡು ಬೇಸಿಗೆ ಇದೇ ಜಗಳ. ಮುದುಕನ ಹಟ ಅಂದುಕೊಂಡೆ.

ಮೂರನೆಯ ಬೇಸಿಗೆಯಲ್ಲಿ ಹೊಳೆ ಇಳಿದು ಜನ ನಡೆದೇ ದಾಟುತ್ತಿದ್ದಾಗ, ನೆಂಟರು ಅಪ್ಪನನ್ನು ಮದುವೆಗೆಂದು ಏಕಸಂಬಿಗೆ ಕರೆದುಕೊಂಡು ಹೋದರು. ಎಂಟು ದಿನ ಸಿಕ್ಕವು. ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ತಗಡಿನ ಕೆಳಗೆ ಸೆಗಣಿ, ಕೆಸರು, ಕೊಳೆತ ಜೋಳದ ಕಣಿಕಿ. ತೊಳೆದು ಒಣಗಿಸಿ, ಗಾಜಿನ ಚೂರಿನಿಂದ ಹಲಗೆ ಹೆರೆದೆ. ಬಿರುಕಿಗೆ ಹತ್ತಿ ತುರುಕಿ ರಾಳ ಕಾಸಿ ಸುರಿದೆ. ಕುದಿಸಿದ ಅಗಸಿ ಎಣ್ಣೆಯನ್ನು ಮೂರು ಸಲ ತಿಕ್ಕಿದೆ. ಒಳಗಿನಿಂದ ತೇಗದ ಬಣ್ಣ ಎದ್ದು ಬಂದಾಗ ಹೆಮ್ಮೆಯಿಂದ ಉಬ್ಬಿಹೋದೆ.

ಅಪ್ಪ ಬಂದವನೇ ದೋಣಿ ಹತ್ತಿ ಈ ತುದಿಯಿಂದ ಆ ತುದಿಗೆ ಕಾಲು ಉಜ್ಜುತ್ತ ನಡೆದ. ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಹಲಗೆ ಸವರಿದ. ಕಣ್ಣಲ್ಲಿ ನೀರಿತ್ತು. ತಗಡು ಎಲ್ಲಿ ಎಂದು ಕೇಳಿದ. ಹಳೇ ಕಬ್ಬಿಣ ಕೊಳ್ಳುವ ಭಂಗಾರದವನಿಗೆ ಹಾಕಿದೆ ಎಂದೆ. ‘ಛಲೋ ಆಗೇತಿ’ ಎಂದ, ಅಷ್ಟೇ. ಆ ಕಣ್ಣೀರು ಸಂತೋಷದ್ದೆಂದು ತಿಳಿದ ಮೂರ್ಖ ನಾನು.

ಮಿರಗದ ಮಳೆ ಬಿದ್ದು ಹೊಳೆಗೆ ಹೊಸ ನೀರು ಬಂತು. ಮೊದಲ ಸಂತೆಯ ದಿನ ನಾನೂ ದೋಣಿಯಲ್ಲಿದ್ದೆ. ಮೂವತ್ತು ಜನ, ಎರಡು ಎಮ್ಮೆ. ನಡುಹೊಳೆಯಲ್ಲಿ ಒಂದು ಎಮ್ಮೆ ಎಡಕ್ಕೆ ಸರಿಯಿತು, ಅದರ ಹಿಂದೆ ಇನ್ನೊಂದು. ಎಣ್ಣೆ ಕುಡಿದ ಹಲಗೆಯ ಮೇಲೆ ಸಪ್ಪಳವೇ ಆಗಲಿಲ್ಲ. ಅಪ್ಪ ಈಗ ಹೇಳುತ್ತಾನೆ ಎಂದು ಕಾದೆ. ಅವನು ಸುಮ್ಮನೆ ಗಳ ಹಾಕುತ್ತಲೇ ಇದ್ದ. ದೋಣಿ ವಾಲಿತು, ನೀರು ಒಳಗೆ ನುಗ್ಗಿತು, ಹೆಂಗಸರು ಕೂಗಿಕೊಂಡರು. ಅಪ್ಪ ಗಾಳಿಯಲ್ಲಿ ಕೈ ಆಡಿಸುತ್ತ ಕೇಳಿದ:

‘ಯಾವ ಕಡೆ? ಲೇ ತಮ್ಮಾ, ಎಮ್ಮಿ ಯಾವ ಕಡೆ ಅದಾವು?’

ಎಮ್ಮೆಗಳು ಅವನಿಂದ ನಾಲ್ಕು ಮಾರು ದೂರದಲ್ಲಿದ್ದವು, ಹಾಡುಹಗಲು. ನಾವು ನಾಲ್ಕೈದು ಜನ ಹಗ್ಗ ಜಗ್ಗಿ ಅವನ್ನು ಬಲಕ್ಕೆ ಎಳೆದೆವು. ದೋಣಿ ಉಳಿಯಿತು. ಆದರೆ ಅಪ್ಪ ಕೇಳಿದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ದಂಡೆಗೆ ಬಂದ ಮೇಲೆ ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸಂಜೆ ಊರ ಹಿರಿಯರು ಮನೆಗೆ ಬಂದು, ಚಹಾ ಕುಡಿದು, ಗಳವನ್ನು ಬೇರೆಯವರಿಗೆ ಕೊಡಿ ಎಂದು ಬಹಳ ಮರ್ಯಾದೆಯಿಂದ ಹೇಳಿ ಹೋದರು.

ಎರಡು ವರ್ಷಗಳಿಂದ ಅವನಿಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದಾರಿಯನ್ನು ಗಳಕ್ಕೆ ಸಿಗುವ ಆಳದಿಂದ ತಿಳಿಯುತ್ತಿದ್ದ. ದೋಣಿಯೊಳಗೆ ಯಾರು ಎಲ್ಲಿ ನಿಂತರು, ಭಾರ ಯಾವ ಕಡೆ ಬಿತ್ತು ಎಂಬುದನ್ನು ತಗಡಿನ ಸದ್ದಿನಿಂದ ತಿಳಿಯುತ್ತಿದ್ದ. ಮಿರಜದ ಡಾಕ್ಟರು ಕಣ್ಣಿನ ನರ ಒಣಗಿದೆ, ಇನ್ನು ಉಪಾಯವಿಲ್ಲ ಎಂದರು. ಬಸ್ಸಿನಲ್ಲಿ ಮರಳುವಾಗ ಕೇಳಿದೆ, ನನಗಾದರೂ ಹೇಳಬಾರದಿತ್ತೇ ಎಂದು.

‘ಹೇಳಿದ್ರ ನೀನ ಇಳಸ್ತಿದ್ದಿ,’ ಎಂದ.

ನಿಜ. ಅವತ್ತೇ ದೋಣಿಯಿಂದ ಇಳಿಸುತ್ತಿದ್ದೆ. ಅಷ್ಟು ಜನರ ಜೀವದ ಪ್ರಶ್ನೆ, ಇಳಿಸುವುದೇ ಸರಿ ಎಂದು ಈಗಲೂ ಗೊತ್ತು. ಊರಿನವರು ನೀನು ತಗಡು ಕಿತ್ತಿದ್ದಕ್ಕೇ ಗಂಡಾಂತರ ತಪ್ಪಿತು ಎಂದರು. ಆ ಮಾತು ಕೇಳಿದಾಗಲೆಲ್ಲ ಎದ್ದು ಹೋಗಿಬಿಡುತ್ತಿದ್ದೆ. ನಾನು ಮಾಡಿದ್ದು ತಪ್ಪಾಗಿದ್ದರೆ ಅವನ ಕಾಲು ಹಿಡಿಯಬಹುದಿತ್ತು.

ಅಪ್ಪ ಆಮೇಲೆ ನಾಲ್ಕು ವರ್ಷ ಬದುಕಿದ. ನಡೆಸಿಕೊಂಡು ಹೋಗುತ್ತೇನೆಂದರೆ ಸುಮ್ಮನೆ ಕೈ ಕೊಡುತ್ತಿದ್ದ. ಹೊಳೆಯ ಕಡೆ ತಿರುಗಿದರೆ ಮಾತ್ರ ಕೈ ಬಿಡಿಸಿಕೊಂಡು, ಅಲ್ಲೇ ನಿಂತುಬಿಡುತ್ತಿದ್ದ.