ಕಾಕನ ಪಾಸ್ಟ್ರಾಮಿ, ನನ್ನ ಸಾನ್ನದ ಪಾತ್ರೆ

ಎದುರು ಫ್ಲಾಟಿನ ಕಾಕನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಹರೆಯದಲ್ಲಿ ಹಡಗಿನ ಅಡುಗೆಮನೆಯ ಬಾಗಿಲಿಗೆ ಸಿಕ್ಕಿ ಜಜ್ಜಿಹೋದದ್ದು. ಯಾವ ಸ್ಯಾಂಡ್‌ವಿಚ್ ಕೈಗೆ ಬಂದರೂ ಆ ಹೆಬ್ಬೆರಳಿನಿಂದ ಬ್ರೆಡ್ಡನ್ನು ಒತ್ತಿ, ಬದಿಯಿಂದ ಒಳಗೆ ಇಣುಕಿ, ನಿಟ್ಟುಸಿರು ಬಿಡುತ್ತಿದ್ದರು.

"ಇದು ಪಾಸ್ಟ್ರಾಮಿ ಅಲ್ಲ ಬಾಯಮ್ಮ. ಪಾಸ್ಟ್ರಾಮಿಯ ಫೋಟೋ."

ಕಾಕ ಬ್ಯಾರಿ ಮುಸ್ಲಿಮರು, ನಾವು ಕ್ರಿಶ್ಚಿಯನ್ನರು; ಹಾಗಾಗಿ ನಾನು ಅವರಿಗೆ 'ಬಾಯಮ್ಮ', ನನ್ನ ಗಂಡ 'ಪರ್ಬುಗಳು'. ಇಬ್ಬರದೂ ಮಂಗಳೂರು ಕಡೆ. ಕುವೈತಿನ ಫಹಾಹೀಲ್‌ನಲ್ಲಿ ಅವರು ಮೊಟ್ಟೆ, ಖುಬ್ಬೂಸ್ ರೊಟ್ಟಿ ಮಾರುವ ಸಣ್ಣ ಬಕಾಲ ಅಂಗಡಿ ನೋಡಿಕೊಳ್ಳುತ್ತಿದ್ದರು. ಹಡಗಿನಲ್ಲಿದ್ದಾಗ ಅಮೆರಿಕದ ಯಾವುದೋ ಬಂದರಿನಲ್ಲಿ ಪಾಸ್ಟ್ರಾಮಿ ತಿಂದಿದ್ದರಂತೆ: ಉಪ್ಪುನೀರಿನಲ್ಲಿ ನೆನೆಸಿ, ಕೊತ್ತಂಬರಿ ಕಾಳುಮೆಣಸು ಮೆತ್ತಿ, ಹೊಗೆ ಕೊಟ್ಟ ದನದ ಮಾಂಸ. "ಹೊರಗೆ ಹಿಮ. ಒಳಗೆ ಬಿಸಿಬಿಸಿ ಮಾಂಸ. ಎತ್ತಿದ್ರೆ ಮುರಿದು ಬೀಳ್ತದೆ, ಅಷ್ಟು ಮೆತ್ತಗೆ," ಎನ್ನುವಾಗ ಅವರ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಯಾರೂ ನಂಬಲಿಲ್ಲ. ಹಡಗಿನ ಕಥೆಗಳನ್ನು ಅವರು ಅಷ್ಟು ಧಾರಾಳವಾಗಿ ಹೇಳುತ್ತಿದ್ದರು. ಕಟ್ಟಡಕ್ಕೆಲ್ಲ ಅವರು 'ಬಂಡಲ್ ಕಾಕ'. ಆ ಹೆಸರಿಟ್ಟವರು ನನ್ನ ಗಂಡನೇ. ಕಾಕ ನಗುತ್ತಿದ್ದರು, ಆದರೆ ನನ್ನೊಡನೆ ಒಮ್ಮೆ ಹೇಳಿದ್ದರು: "ಬೇರೆದಕ್ಕೆಲ್ಲ ನಗಾಡಲಿ. ಇದೊಂದು ನಾನು ತಿಂದದ್ದು."

ಹಾಗಾಗಿ ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ನಮ್ಮ ಕಾರಿನಲ್ಲಿ ಹುಡುಕಾಟ. ಮಹಬೂಲಾದ ಕೆಫೆಗಳು, ಸಿಟಿಯ ಮಾಲ್‌ಗಳು, ಒಂದನ್ನೂ ಬಿಡಲಿಲ್ಲ. ಎಲ್ಲ ಕಡೆ ಅದೇ ತಣ್ಣನೆಯ, ಕಾಗದದಷ್ಟು ತೆಳ್ಳಗಿನ ಮಾಂಸ, ಮೇಲೆ ಮಯೋನೀಸಿನ ಅಭಿಷೇಕ.

ಅಷ್ಟರಲ್ಲಿ ಅವರ ಇಕಾಮಾ, ಅಲ್ಲಿರಲು ಬೇಕಾದ ಪರವಾನಗಿ, ಮುಗಿಯುತ್ತ ಬಂತು. ಅವರನ್ನು ಕೆಲಸಕ್ಕಿಟ್ಟ ಕಫೀಲ್ ಹೊಸದು ಮಾಡಿಸಲಿಲ್ಲ. ಕುವೈತ್ ಖಲಾಸ್. ಬಂಡಲ್ ಎನ್ನಿಸಿಕೊಂಡೇ ಊರಿಗೆ ಹೋಗಬೇಕಲ್ಲ ಎಂಬ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು.

ಕೊನೆಯ ಶುಕ್ರವಾರ ಸೂಪರ್‌ಮಾರ್ಕೆಟ್ಟಿನಿಂದ ಪಾಸ್ಟ್ರಾಮಿಯ ಕೊಯ್ಯದ ಇಡೀ ಗಟ್ಟಿಯನ್ನೇ ತಂದರು. "ದಪ್ಪ ಕೊಯ್ದು ನೋಡುವ." ಕೊಯ್ದು ಕೊಟ್ಟದ್ದನ್ನು ನನ್ನ ಗಂಡ ಜಗಿದೂ ಜಗಿದೂ ಸೋತರು. "ಕಾಕಾ, ಇದಕ್ಕೆ ಪಾಲಿಶ್ ಹೊಡೆದ್ರೆ ಕಾಲಿಗೆ ಹಾಕಬಹುದು." ಕಾಕ ಚೂರಿ ಕೆಳಗಿಟ್ಟರು.

ಒಲೆಯ ಮೇಲೆ, ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ನಮ್ಮ ಸಾನ್ನದ ಪಾತ್ರೆ ಇತ್ತು. "ಅದೆಂತ?" ಎಂದರು.

"ನಿನ್ನೆಯ ಸಾನ್ನ ಕಾಕಾ. ಕಲ್ಲಾಗಿದೆ. ಪುನಃ ಹಬೆಗೆ ಇಟ್ರೆ ಮೆತ್ತಗಾಗ್ತದೆ."

ಕಾಕ ಎದ್ದು ನಿಂತರು. "ಆ ಬಂದರಿನ ಅಂಗಡಿಯವ ಮಾಂಸ ತೆಗೆಯುವಾಗೆಲ್ಲ ಒಂದು ಪೆಟ್ಟಿಗೆಯ ಮುಚ್ಚಳ ತೆಗೀತಿದ್ದ. ಬುಸ್ಸಂತ ಹಬೆ ಬರ್ತಿತ್ತು. ಚಳಿಗೆ ಹಾಗೆ ಕಾಣ್ತದೆ ಅಂತ ನಾನು ಗ್ರಹಿಸಿದ್ದು! ಅವ ಬೇಯಿಸ್ತಿದ್ದದ್ದು ಬಾಯಮ್ಮ, ಹಬೆಯಲ್ಲಿ!"

ಸಾನ್ನ ಹೊರಗೆ, ಮಾಂಸ ಒಳಗೆ. ಮೂರು ಗಂಟೆ ಕಾಕ ಒಲೆ ಬಿಟ್ಟು ಕದಲಲಿಲ್ಲ. ಮನೆಯೆಲ್ಲ ಕೊತ್ತಂಬರಿ, ಮೆಣಸಿನ ಘಮ. ನನ್ನ ಮೀನಿನ ಚೂರಿಯಿಂದ ಎಳೆಗೆ ಅಡ್ಡವಾಗಿ ದಪ್ಪಗೆ ಕೊಯ್ದರು. ಎತ್ತಿದ ಮೊದಲ ತುಂಡು ಮುರಿದು ತಟ್ಟೆಗೆ ಬಿತ್ತು. ಸಾಸಿವೆ ಸವರಿ, ಬ್ರೆಡ್ ಮುಚ್ಚಿ, ಹೆಬ್ಬೆರಳಿನಿಂದ ಒತ್ತಿದರು. ನಿಟ್ಟುಸಿರು ಬರಲಿಲ್ಲ.

"ಯಲ್ಲಾ ಪರ್ಬುಗಳೇ, ತಿನ್ನಿ."

ನನ್ನ ಗಂಡ ತಿಂದರು. ಎರಡನೆಯದಕ್ಕೆ ಕೈ ಚಾಚಿದರು. ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರಿಸುವ ನಮ್ಮ ಮಗಳು ಬಾಯಿ ತುಂಬಿಕೊಂಡೇ ಕೂಗಿದಳು: "ಕಾಕಾ, ಯು ವರ್ ನಾಟ್ ಲೈಯಿಂಗ್!"

"ಕೇಳಿತಾ? ಇನ್ನೊಮ್ಮೆ ಜೋರಾಗಿ ಹೇಳು ಮಗಾ!" ಎಂದು ಕಾಕ ಮೇಜು ಗುದ್ದಿದರು. ಆಮೇಲೆ ತಟ್ಟೆ ಹಿಡಿದು, ಗೆದ್ದ ಅಭ್ಯರ್ಥಿಯ ಹಾಗೆ ಮಹಡಿ ಮಹಡಿಯ ಬಾಗಿಲು ತಟ್ಟಿದರು. 'ಬಂಡಲ್' ಎಂದು ಹೆಸರಿಟ್ಟವರೇ ಹಿಂದಿನಿಂದ ಬ್ರೆಡ್ ಹೊತ್ತು ನಡೆದರು.

ಏರ್‌ಪೋರ್ಟಿನಲ್ಲಿ ನನ್ನ ಗಂಡ ಮೆಲ್ಲಗೆ ಕೇಳಿದರು: "ಕಾಕಾ, ಹಾಗಾದ್ರೆ ಹಡಗಿನ ಬೇರೆ ಕಥೆಗಳೂ ನಿಜವಾ?"

"ಛೆ ಛೆ, ಅದೆಲ್ಲ ಬಂಡಲ್!" ಎಂದು ಕಾಕ ಹೊಟ್ಟೆ ಹಿಡಿದು ನಕ್ಕರು. ಅದೇ ನಾವು ಕಂಡ ಅವರ ಕೊನೆಯ ನಗು. ಕಳೆದ ವರ್ಷ ಊರಿನಲ್ಲಿ ತೀರಿಕೊಂಡರು.

ಈಗ ಯಾರಾದರೂ ದೂರದೂರಿನಲ್ಲಿ ತಿಂದ ರುಚಿಯನ್ನು ಕಣ್ಣು ಮುಚ್ಚಿ ಹೇಳತೊಡಗಿದರೆ ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ. ನಾನು ಎದ್ದು ಒಲೆಯ ಮೇಲೆ ನೀರಿಡುತ್ತೇನೆ.