ಪಾರಾ ರಾಜ್ಯದ ಹೆಣ

ಸಾಂತರೇಂ ಊರಿನ ಮೀನು ಮಾರುಕಟ್ಟೆಯಲ್ಲಿ ಓರ್ಮಿಂದುವನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ಬೆಲೆಂ’. ಮೀಸೆ ಚಿಗುರುವ ವಯಸ್ಸಿನಲ್ಲಿ ಪಾರಾ ರಾಜ್ಯದ ರಾಜಧಾನಿ ಬೆಲೆಂ ಕಡೆಯಿಂದ ದೋಣಿ ಹತ್ತಿ ಬಂದಿದ್ದನೆಂಬುದಷ್ಟೇ ಅದಕ್ಕೆ ಕಾರಣ. ಆ ನಗರವನ್ನು ಅವನು ಕಂಡಿದ್ದು ಬಂದರಿನ ಗೋದಾಮುಗಳ ತನಕ ಮಾತ್ರ. ಇಲ್ಲಿ ಮೀನು ಹೊತ್ತು ಹೊತ್ತು ಅವನ ಹೆಗಲು ಜಡ್ಡುಗಟ್ಟಿತ್ತು, ಇಲ್ಲಿಯ ಹೆಣ್ಣು ಜುರೇಮಾಳನ್ನು ಕಟ್ಟಿಕೊಂಡಿದ್ದ, ಸತ್ತ ಮಗುವನ್ನು ಇಲ್ಲಿಯ ಮಣ್ಣಿಗೇ ಕೊಟ್ಟಿದ್ದ. ಆದರೂ ಅವನು ಹೊರಗಿನವನೇ.

ಆ ವರ್ಷ ಪಾರಾ ರಾಜ್ಯವನ್ನು ಮೂರು ಭಾಗ ಮಾಡಬೇಕೋ ಬೇಡವೋ ಎಂದು ಜನರನ್ನೇ ಕೇಳುವುದೆಂದಾಯಿತು. ಪಶ್ಚಿಮದ ಭಾಗ ತಪಜೋಸ್ ರಾಜ್ಯವಾಗುತ್ತದೆ, ಸಾಂತರೇಂ ಅದರ ರಾಜಧಾನಿಯಾಗುತ್ತದೆ ಎಂದು ಊರಿಗೆ ಊರೇ ಕುಣಿಯತೊಡಗಿತು. ಬೇಕೆನ್ನುವವರು ಮತಯಂತ್ರದಲ್ಲಿ ಎಪ್ಪತ್ತೇಳು ಒತ್ತಬೇಕು, ಬೇಡವೆನ್ನುವವರು ಐವತ್ತೈದು. ಓರ್ಮಿಂದು ಅಂಗಿಯ ಮೇಲೆ ಎದೆಯಗಲ ಎಪ್ಪತ್ತೇಳು ಬರೆಸಿಕೊಂಡ. ಹೊಸ ರಾಜ್ಯದಲ್ಲಿ ಎಲ್ಲರೂ ಒಂದೇ ದಿನ ಹುಟ್ಟಿದಂತೆ, ಆಮೇಲೆ ಯಾರು ಎಲ್ಲಿಂದ ಬಂದವರೆಂದು ಯಾರು ಕೇಳುತ್ತಾರೆ ಎಂಬುದು ಅವನ ಲೆಕ್ಕ.

ಮೆರವಣಿಗೆಗೆ ಒಂದು ಅಣಕು ಶವಯಾತ್ರೆ ಇರಲಿ ಎಂಬ ಉಪಾಯ ಎವಾಲ್ದುವಿನದು. ಓರ್ಮಿಂದು ದುಡಿಯುತ್ತಿದ್ದದ್ದು ಅವನ ಮೀನಂಗಡಿಯಲ್ಲೇ. ಪ್ರಚಾರದಲ್ಲೂ ಅವನೇ ಮುಂದಾಳು.

“ಹಳೇ ಪಾರಾನ ಹೂಳ್ತೀವಿ ಅಂತ ಪೆಟ್ಟಿಗೆ ಹೊತ್ಕೊಂಡ್ ಹೋಗೋಣ. ಹೆಣ ಯಾರಪ್ಪ? ನಮ್ ಬೆಲೆಂ ಇದಾನಲ್ಲ!”

ಮಾರುಕಟ್ಟೆ ಹೊಟ್ಟೆ ಹಿಡಿದು ನಕ್ಕಿತು. ಓರ್ಮಿಂದುವೂ ನಕ್ಕ.

ಮನೆಯಲ್ಲಿ ಜುರೇಮಾ ಮಾತ್ರ ನಗಲಿಲ್ಲ. “ಬದುಕಿರೋನು ಯಾರಾದ್ರೂ ಶವದ ಪೆಟ್ಟಿಗೇಲಿ ಮಲಗ್ತಾನೇನ್ರಿ? ನಿಮಗೆ ನಾಚ್ಕೆ ಆಗಲ್ವಾ?”

“ಊರೋರು ಇಷ್ಟು ವರ್ಷಕ್ಕೆ ಒಂದ್ಸಲ ನನ್ನ ಕರ್ದಿದಾರೆ ಕಣೆ. ಒಲ್ಲೆ ಅನ್ನಕ್ಕಾಗುತ್ತಾ?”

ಮುಖಕ್ಕೆ ಮರಗೆಣಸಿನ ಹಿಟ್ಟು ಬಳಿದುಕೊಂಡು, ಎದೆಯ ಮೇಲೆ ಕೈ ಜೋಡಿಸಿ, ಓರ್ಮಿಂದು ಪ್ರತಿ ಶನಿವಾರ ಊರೆಲ್ಲ ಸುತ್ತಿದ. ಹೆಂಗಸರು ಎದೆ ಬಡಿದುಕೊಂಡು ಸುಳ್ಳು ಅಳು ಅತ್ತರು, ಪಡ್ಡೆ ಹುಡುಗರು ಬಾಯಿಗೆ ಸಾರಾಯಿ ಹನಿಸಿದರು. ಒಬ್ಬ ಮುದುಕಿ ನಿಜವಾಗಿಯೇ ಅವನ ಮುಖಕ್ಕೆ ಉಗಿದಳು. ಅವನು ಕಣ್ಣು ಬಿಡಲಿಲ್ಲ. ಹೆಣ ಕಣ್ಣು ಬಿಟ್ಟರೆ ಆಟ ಕೆಡುತ್ತದೆ.

ಡಿಸೆಂಬರಿನ ಒಂದು ಭಾನುವಾರ ಮತದಾನ. ಗೆದ್ದ ಕೂಡಲೇ ಕೊನೆಯ ಮೆರವಣಿಗೆ ಹೊರಡಬೇಕೆಂದು ಓರ್ಮಿಂದುವನ್ನು ಸಂಜೆಯೇ ಪೆಟ್ಟಿಗೆಯಲ್ಲಿ ಮಲಗಿಸಿ ನದಿ ದಂಡೆಗೆ ತಂದಿದ್ದರು. ಕತ್ತಲಾಗುವ ಮೊದಲೇ ಟೀವಿಯಲ್ಲಿ ಫಲಿತಾಂಶ ಬಂತು. ಇಲ್ಲಿಯವರೆಲ್ಲ ಒಂದೇ ಮನಸ್ಸಿನಿಂದ ಬೇಕು ಎಂದಿದ್ದರು, ಆದರೆ ಬೆಲೆಂ ಕಡೆಯ ಜನಸಾಗರ ಬೇಡ ಎಂದಿತ್ತು. ರಾಜ್ಯ ಒಡೆಯಲಿಲ್ಲ.

ದಂಡೆಯ ಮೇಲೆ ಯಾರೋ ಅತ್ತರು. ಒಂದು ಬಾಟಲಿ ಒಡೆಯಿತು. ಪೆಟ್ಟಿಗೆಯೊಳಗಿದ್ದವನಿಗೆ ಸೋತ ಸುದ್ದಿ ಮುಟ್ಟಿತ್ತು. ಎದ್ದು ಕೂರಲೋ ಬೇಡವೋ ತಿಳಿಯದೆ ಹಾಗೇ ಬಿದ್ದುಕೊಂಡಿದ್ದ.

“ಲೋ ಬೆಲೆಂ! ನಿಮ್ಮೋರು ಗೆದ್ರಲ್ಲೋ!” ಗುಂಪಿನಿಂದ ಒಬ್ಬ ಕೂಗಿದ.

“ನಾನೂ ಎಪ್ಪತ್ತೇಳೇ ಒತ್ತಿದ್ದು ಕಣಣ್ಣ, ತಾಯಾಣೆ!”

“ಹೆಣ ಮಾತಾಡ್ತದೆ ನೋಡ್ರೋ!”

ಜನ ಮತ್ತೆ ನಕ್ಕರು, ಅವನಿಗೆ ಜೀವ ಬಂದಂತಾಯಿತು. ಎವಾಲ್ದು ಮುಚ್ಚಳ ಎಳೆದು ಅದರ ಮೇಲೆ ಕುಂಡೆಯೂರಿ ಕೂತ. “ಬೆಲೆಂನ ಬೆಲೆಂಗೇ ಕಳಿಸ್ರೋ! ನದಿಗ್ ಬಿಡ್ರೋ, ತೇಲ್ಕೊಂಡ್ ಹೋಗ್ಲಿ!” ಅವನು ಕೆಳಗೆ ಜಿಗಿದದ್ದೇ ಹೆಗಲುಗಳು ಪೆಟ್ಟಿಗೆಗೆ ಬಿದ್ದವು. ಒಳಗೆ ಓರ್ಮಿಂದು ನಗುತ್ತಿದ್ದ, ಹೊರಗಿನವರಿಗೆ ಕೇಳಲೆಂದು ಜೋರಾಗಿಯೇ ನಗುತ್ತಿದ್ದ.

ಪೆಟ್ಟಿಗೆ ಸಮೇತ ಅವನನ್ನು ದಂಡೆಯ ಗೋಡೆಯಾಚೆ ನೂಕಿದರು. ಮಳೆಗಾಲದಲ್ಲಾದರೆ ಗೋಡೆಯ ಕೊರಳವರೆಗೂ ನೀರು. ಡಿಸೆಂಬರಿನಲ್ಲಿ ಅಲ್ಲಿದ್ದದ್ದು ಬರೀ ಕಲ್ಲು. ಅದು ಗೊತ್ತಿಲ್ಲದವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ.

ಕೆಳಗಿನಿಂದ ಕೂಗು ಕೇಳಿದಾಗ ಗುಂಪು ಚೆದುರಿತು. ಅವನನ್ನು ಎತ್ತಿದವರು ಇಬ್ಬರು ದೋಣಿಯವರು. ಸೊಂಟದ ಕೆಳಗೆ ತೊಡೆಯ ಮೂಳೆ ಎರಡಾಗಿತ್ತು. ಇಲ್ಲಿ ಆಗುವುದಿಲ್ಲ, ಬೆಲೆಂಗೆ ಒಯ್ಯಿರಿ ಎಂದರು ಆಸ್ಪತ್ರೆಯವರು. ದೋಣಿಯ ಜೋಲಿಯಲ್ಲಿ ಮಲಗಿಸಿಕೊಂಡು ಜುರೇಮಾ ಹೊರಟಳು. ಪ್ರತಿ ಅಲೆಗೂ ಅವನು ಅಂಗಿಯ ತುದಿ ಕಚ್ಚಿ ನರಳುತ್ತಿದ್ದ.

ಬೆಲೆಂನ ವಾರ್ಡಿನಲ್ಲಿ ಪಕ್ಕದ ಮಂಚದವನು ಕೇಳಿದ, “ಯಾವೂರು?”

“ಸಾಂತರೇಂ.”

“ಓಹೋ! ನಮ್ ಸಹವಾಸ ಬೇಡ ಅಂದೋರು! ಕಾಲು ಮುರಿದ್ರೆ ಮಾತ್ರ ನಾವು ಬೇಕಾ?” ವಾರ್ಡೆಲ್ಲ ಕಿಸಕ್ಕನೆ ನಕ್ಕಿತು. ಜುರೇಮಾ ಗೋಡೆಯ ಕಡೆ ತಿರುಗಿ ಕೂತಳು.

ತಡವಾಗಿ ಕೂಡಿಸಿದ ಕಾಲು ಗಿಡ್ಡವಾಯಿತು. ಊರಿಗೆ ಮರಳಿದಾಗ ಅವನ ಜಾಗದಲ್ಲಿ ಬೇರೊಬ್ಬ ಮೀನು ಹೊರುತ್ತಿದ್ದ. ಪೊಲೀಸರ ಮುಂದೆ ಸಾಕ್ಷಿ ಹೇಳಿ ಎಂದು ಜುರೇಮಾ ಅಂಗಡಿ ಅಂಗಡಿ ಅಲೆದಳು. ಯಾರೂ ಏನೂ ನೋಡಿರಲಿಲ್ಲ. ಕೊನೆಗೆ ಎವಾಲ್ದುವಿನ ಎದುರೇ ನಿಂತಳು.

“ಅವನು ನಗ್ತಾ ಇದ್ನಲ್ಲ ತಾಯಿ,” ಎಂದ ಅವನು, ಚಾಕು ಮಸೆಯುತ್ತಲೇ. “ನಿಲ್ಸಿ ಅಂತ ಒಂದ್ಮಾತು ಅಂದಿದ್ರೆ ನಿಲ್ಸ್ತಿದ್ವಿ. ನೀನೇ ಕೇಳು ಅವನ್ನ.”

ಅವಳು ಕೇಳಿದಳು. ಓರ್ಮಿಂದು ತಲೆ ತಗ್ಗಿಸಿ, “ಹೌದು ಕಣೆ, ನಗ್ತಿದ್ದೆ,” ಎಂದ.

ಹೊರಲಾಗದವನಿಗೆ ಎವಾಲ್ದುವೇ ಮೀನಿನ ಪೊರೆ ಹೆರೆಯುವ ಕೆಲಸ ಕೊಟ್ಟ. ಒಂದು ದಿನ ದೂರದೂರಿನ ಗಿರಾಕಿಗಳು ಕಾಲಿಗೇನಾಯಿತೆಂದು ಕೇಳಿದರು. ಓರ್ಮಿಂದು ಕಥೆ ಹೇಳಿದ. ತಾನು ಬಿದ್ದ ರೀತಿ, ಮೂಳೆ ಲಟಕ್ಕೆಂದದ್ದು, ಎಲ್ಲವನ್ನೂ ಅಭಿನಯಿಸಿಯೇ ತೋರಿಸಿದ. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು, ಬುಟ್ಟಿ ತುಂಬ ಮೀನು ಕೊಂಡರು. ಎವಾಲ್ದು ಬೆನ್ನು ತಟ್ಟಿದ. ಅಂದಿನಿಂದ ಅದೂ ಕೆಲಸದ ಒಂದು ಭಾಗವಾಯಿತು.

ಒಂದು ಮಧ್ಯಾಹ್ನ ಊಟ ತಂದ ಜುರೇಮಾ ಅವನು ಕಥೆ ಹೇಳುವುದನ್ನು ಗಿರಾಕಿಗಳ ಹಿಂದೆ ನಿಂತು ಕೇಳಿದಳು. ತಟ್ಟೆಯನ್ನು ಮೀನಿನ ಹಲಗೆಯ ಮೇಲಿಟ್ಟು ನಡೆದುಬಿಟ್ಟಳು. ಅದೇ ವಾರ ಒಬಿದುಸ್ ಊರಿನಲ್ಲಿದ್ದ ತಂಗಿಯ ಮನೆಗೆ ದೋಣಿ ಹತ್ತಿದಳು. ತಡೆಯಲು ಅವನು ಬಂದರಿಗೆ ಬರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು.